ನಿಮಗಿದು ಗೊತ್ತೇ? ಸತ್ತಿ ಸೀಮೆಯ ಹಾಡಕಿ: ತಟ್ಟೆಯಿಂದ ಮೊಬೈಲಿನವರೆಗೆ

ಅಥಣಿ ತಾಲ್ಲೂಕಿನ ಸತ್ತಿ ಕೃಷ್ಣಾ ದಂಡೆಯ ಊರು, ಕಬ್ಬಿನ ಸೀಮೆ. ಹೊಳೆಯಾಚೆ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕ, ಈಚೆ ಕೋಕಟನೂರ ಯಲ್ಲಮ್ಮ, ಕಾಗವಾಡ ದಾಟಿದರೆ ಮಿರಜ. ಡೊಳ್ಳಿನ ಪದ, ಚೌಡಿಕೆ ಪದ, ಗೀಗೀ ಪದ, ಹಂತಿ ಪದ, ರಿವಾಯತ್, ಏಕತಾರಿ ಭಜನೆ, ಪಾರಿಜಾತ ಎಲ್ಲವೂ ಈ ಒಂದೇ ಸುತ್ತಿನಲ್ಲಿ ಕೇಳಸಿಗುತ್ತವೆ. ಈ ಹಾಡುಗಳು ಕಟ್ಟೆ ಇಳಿದು ತಟ್ಟೆಗೆ, ಕ್ಯಾಸೆಟ್ಟಿಗೆ, ಕೊನೆಗೆ ಅಂಗೈಯ ಮೊಬೈಲಿಗೆ ಬಂದ ದಾರಿಯಲ್ಲಿ ಗೊತ್ತಿರಲೇಬೇಕಾದ ಸಂಗತಿಗಳು ಬೇಕಾದಷ್ಟಿವೆ.

ಭಾರತದಲ್ಲಿ ಗ್ರಾಮೊಫೋನ್ ಕಂಪನಿ ಮೊದಲು ಹಾಡು ಮುದ್ರಿಸಿಕೊಂಡದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಮುದ್ರಿಸಿದವರು ಫ್ರೆಡ್ ಗೈಸ್‌ಬರ್ಗ್. ಅಲ್ಲಿ ಹಾಡಿದವರಲ್ಲಿ ಹೆಸರು ಉಳಿದದ್ದು ಗೌಹರ್ ಜಾನ್ ಅವರದು. ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಆಗ ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಬೇರೆ ದಾರಿ ಇರಲಿಲ್ಲ.

ಜರ್ಮನಿಗೆ ಬೇಕಾಗಿದ್ದ ಈ ಏರ್ಪಾಟು ನಮ್ಮ ಲಾವಣಿಕಾರರಲ್ಲಿ ಮೊದಲಿನಿಂದಲೇ ಇತ್ತು ಎನ್ನುವುದು ಗೊತ್ತೇ? ಗೀಗೀ ಪದದ, ಲಾವಣಿಯ ಕಡೆಯ ನುಡಿ ಕೇಳಿ. ಊರು ಯಾವುದು, ಆ ಊರಿನ ದೇವರು ಯಾರು, ಗುರು ಯಾರು, ಪದ ಕಟ್ಟಿದವರು ಯಾರು, ಎಷ್ಟೋ ಸಲ ಡಪ್ಪು ಹಿಡಿದವರು ಯಾರು ಎನ್ನುವುದೂ ಅದರಲ್ಲಿ ಬರುತ್ತದೆ. ಓದುಬರಹ ಇಲ್ಲದವರ ನಡುವೆ ಬಾಯಿಂದ ಬಾಯಿಗೆ ಹೋಗುವ ಹಾಡಿಗೆ ಹಚ್ಚಿದ ಮೊಹರು ಅದು. ಕಾಗದದ ಚೀಟಿ ಕಿತ್ತುಹೋದೀತು, ಈ ಮೊಹರು ಹಾಡಿನ ಒಳಗೇ ಇರುತ್ತದೆ. ಕಡೆಯ ನುಡಿಯ ಮಾತು ಮುಂದೆಯೂ ಬರುತ್ತದೆ, ನೆನಪಿಟ್ಟುಕೊಳ್ಳಿ.

ಹತ್ತು ಇಂಚಿನ ಹಳೆಯ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ತಟ್ಟೆ ತಯಾರಾಗುತ್ತಿದ್ದದ್ದು ಅರಗಿನಿಂದ. ಆ ಅರಗಿನ ದೊಡ್ಡ ಪಾಲು ಜಗತ್ತಿಗೆಲ್ಲ ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. ಹ್ಯಾನೋವರಿನಲ್ಲಿ ಅಚ್ಚಾಗಿ ಬಂದ ತಟ್ಟೆಯ ಮೈಯಲ್ಲಿಯೂ ನಮ್ಮ ಮರದ ಅರಗು ಇದ್ದೇ ಇತ್ತು.

ಮೂರು ನಿಮಿಷದಲ್ಲಿ ಏನು ಹಾಡಬಹುದು? ಶ್ರೀಕೃಷ್ಣ ಪಾರಿಜಾತದ ಮೇಳಕ್ಕೆ ಒಂದು ಇಡೀ ರಾತ್ರಿ ಸಾಲದು. ಅಪರಾಳ ತಮ್ಮಣ್ಣ ಬರೆದದ್ದನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಆಟಕ್ಕೆ ಅಳವಡಿಸಿ ಊರೂರಿಗೆ ಮುಟ್ಟಿಸಿದರೆಂದು ಹೇಳುತ್ತಾರೆ. ನಾರದ ತಂದ ಒಂದು ಹೂವು ರುಕ್ಮಿಣಿಯ ಮುಡಿಗೆ ಹೋಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕಥೆ ಇಷ್ಟೇ. ಆದರೆ ಭಾಮೆಯ ಮುನಿಸು ಕರಗಲು ಬೆಳಗಿನ ಜಾವವೇ ಆಗಬೇಕು. ನಡುವೆ ದೂತಿ ಬಂದು ಊರ ಮಂದಿಯ ಮಾತನ್ನೇ ಆಡುತ್ತಾಳೆ, ಕೊರವಂಜಿ ಕಣಿ ಹೇಳುತ್ತಾಳೆ, ಒಂದೇ ಸಾಲನ್ನು ಭಾಗವತರು ಹತ್ತು ಬಗೆಯಲ್ಲಿ ತಿರುಗಿಸುತ್ತಾರೆ. ಕೌಜಲಗಿ ನಿಂಗಮ್ಮ ಮನೆಮಾತಾದದ್ದು ಇದೇ ಪಾರಿಜಾತದಿಂದ. ಇಂಥ ಆಟವನ್ನು ಮೂರು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ಒಂದು ಪಲ್ಲವಿ, ಒಂದು ನುಡಿ. ಮುನಿಸು ಕರಗುವುದನ್ನು ಕಾಯುವ ಸುಖ ಉಳಿಯುವುದಿಲ್ಲ.

ದೊಡ್ಡ ತಟ್ಟೆ, ಅಂದರೆ ಎಲ್‌ಪಿ, ಅಮೆರಿಕದಲ್ಲಿ ಬಂದದ್ದು 1948ರಲ್ಲಿ. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದದ್ದು 1963ರಲ್ಲಿ. ಕನ್ನಡದ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾದ, ಮೈಸೂರು ಅನಂತಸ್ವಾಮಿಯವರ ಸಂಗೀತದ ‘ನಿತ್ಯೋತ್ಸವ’ 1978ರದು. ನಮ್ಮ ಕಡೆಯ ಮೇಳಗಳಿಗೆ ನಿಜವಾಗಿ ಒದಗಿಬಂದದ್ದು ಕ್ಯಾಸೆಟ್ಟೇ. ಅಗ್ಗ, ಟ್ರ್ಯಾಕ್ಟರಿನಲ್ಲಿಯೂ ಹಾಕಬಹುದು, ಒಂದು ಬದಿಗೆ ಅರ್ಧ ಗಂಟೆ. ಡೊಳ್ಳಿನ ಪದದ ಬೀರಪ್ಪನ ಕಥೆ ಒಂದು ಘಟ್ಟ ಮುಟ್ಟುವಷ್ಟು ಹೊತ್ತು. ಜಾತ್ರೆಯಲ್ಲಿ ಭಂಡಾರದ ಅಂಗಡಿಯ ಪಕ್ಕದಲ್ಲೇ ಮಾಯಕ್ಕನ, ಯಲ್ಲಮ್ಮನ ಹಾಡಿನ ಕ್ಯಾಸೆಟ್ಟು ಮಾರಿದ ಕಾಲವನ್ನು ಈಗ ನಲವತ್ತು ದಾಟಿದವರೆಲ್ಲ ಕಂಡಿದ್ದಾರೆ.

ಚೌಡಿಕೆಯನ್ನು ಹತ್ತಿರದಿಂದ ನೋಡಿದ್ದೀರಾ? ಒಳಗೆ ಪೊಳ್ಳಾದ ಕಟ್ಟಿಗೆಯ ಕೊಳಗ, ಅದರ ಒಂದು ಬಾಯಿಗೆ ಬಿಗಿದ ಆಡಿನ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದೇ ಒಂದು ತಂತಿ. ಕೊಳಗವನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಕೈಯಲ್ಲಿ ತಂತಿಯ ತುದಿ ಜಗ್ಗಿ ಹಿಡಿದು, ಇನ್ನೊಂದು ಕೈಯ ಸಣ್ಣ ಕಡ್ಡಿಯಿಂದ ಮೀಟುತ್ತಾರೆ. ಜಗ್ಗಿದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಅಂದರೆ ಶ್ರುತಿ, ತಾಳ ಎರಡೂ ಒಂದೇ ವಾದ್ಯದಲ್ಲಿ, ಅದೂ ಯಲ್ಲಮ್ಮನ ಪದ ಹಾಡುವ ಜೋಗತಿಯ ಮುಷ್ಟಿಯ ಬಿಗಿಯಲ್ಲಿ. ಸ್ಟುಡಿಯೋದಲ್ಲಿ ಹೆಣಗಾಟ ಶುರುವಾಗುವುದು ಇಲ್ಲಿಂದಲೇ. ಕೀಬೋರ್ಡಿನ ಸ್ವರ ಕದಲುವುದಿಲ್ಲ, ಚೌಡಿಕೆಯ ಸ್ವರ ಹಾಡುವವಳ ಉಸಿರಿನ ಜೊತೆ ಏರಿ ಇಳಿಯುತ್ತದೆ. ಎರಡನ್ನೂ ಕೂಡಿಸಹೋದಾಗ ಸುಮ್ಮನಾಗಿಸುವುದು ಸಾಮಾನ್ಯವಾಗಿ ಚೌಡಿಕೆಯನ್ನೇ. ಅದು ತಪ್ಪು. ಸುಮ್ಮನಾಗಬೇಕಾದದ್ದು ಕೀಬೋರ್ಡು.

ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಹರದೇಶಿ–ನಾಗೇಶಿ ಹಾಡಕಿಯಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಶಿವನ ಪಕ್ಷ, ಗಂಡು ಹೆಚ್ಚೆಂದು ವಾದ. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣೇ ಹೆಚ್ಚು. ಒಂದು ಕಡೆಯವರು ತುರಾಯಿ, ಇನ್ನೊಂದು ಕಡೆಯವರು ಕಲ್ಗಿ. ಡಪ್ಪು, ತುಂತುಣಿ, ತಾಳ ಹಿಡಿದು ರಾತ್ರಿಯಿಡೀ ಸವಾಲು–ಜವಾಬು. ಪುರಾಣ ಬರುತ್ತದೆ, ಸೃಷ್ಟಿ ಬರುತ್ತದೆ, ಸಂಸಾರದ ಜಗಳ ಬರುತ್ತದೆ, ಬಸಿರು ಬಾಣಂತನದ ಲೆಕ್ಕವೂ ಬರುತ್ತದೆ. ಎದುರಿನವರ ಸವಾಲಿಗೆ ನಿಂತ ಕಾಲಲ್ಲಿ ಜವಾಬು ಕಟ್ಟಬೇಕು, ಅದೂ ಅವರು ಹಿಡಿದ ಧಾಟಿಯಲ್ಲಿ. ಸೋತರೆ ಸಾವಿರ ಜನದ ಎದುರು ಸೋತಂತೆ. ಹೆಣ್ಣು ಹೆಚ್ಚೆಂದು ತುಂಬಿದ ಕಟ್ಟೆಯ ಮುಂದೆ ಎದೆ ಸೆಟೆಸಿ ಹಾಡುವ ಜಾಗವೊಂದು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಇದೆ ಎನ್ನುವುದನ್ನು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. ನಾಲ್ಕು ಗೋಡೆಯ ನಡುವಿನ ಮೈಕಿನ ಎದುರು ಇದು ಅರ್ಧಕ್ಕರ್ಧ ಸೊರಗುತ್ತದೆ. ಈ ಹಾಡಕಿಗೆ ಎದುರಾಳಿಯೂ ಬೇಕು, ತೀರ್ಪು ಕೊಡುವ ಜನವೂ ಬೇಕು.

ಕಲ್ಗಿ–ತುರಾಯಿ ಮಹಾರಾಷ್ಟ್ರದ ಗಡಿಯ ಎರಡೂ ಕಡೆ ಇದೆ. ಮರಾಠಿಯ ಶಾಹಿರರದೂ ನಮ್ಮ ಲಾವಣಿಕಾರರದೂ ಕೊಡುಕೊಳ್ಳುವ ನಂಟು. ಆಟದಲ್ಲೂ ಅದೇ ನಂಟು. ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಗುರುತಿಸುವುದು ಅಲ್ಲಿಂದ. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದಿಂದ ಬಂದಿದ್ದ ಭಾಗವತರ ಮೇಳ.

ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಅಲ್ಲಿ ವಾದ್ಯ ಮಾಡುವ ಶಿಕಲಗಾರ ಮನೆತನದವರು ಮೂಲತಃ ಆಯುಧ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕತ್ತಿ ಬಿಟ್ಟು ಸೋರೆ ಬುರುಡೆ ಹಿಡಿದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಇದೇ ಮಿರಜದಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿನ ದರ್ಗಾದ ಆವರಣದಲ್ಲಿದೆ. ಹಿಂದುಸ್ತಾನಿಯ ಈ ಉಸ್ತಾದರು ತ್ಯಾಗರಾಜರ ಕೃತಿಯನ್ನು ತಟ್ಟೆಗೆ ಹಾಡಿಕೊಟ್ಟಿದ್ದಾರೆ. ಕೇಳಿಲ್ಲದವರು ಹುಡುಕಿ ಕೇಳಬೇಕು.

ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತು ಎನ್ನುವುದು ಗೊತ್ತೇ? 1930ರ ದಶಕದಲ್ಲಿ ಕಂಪನಿಯವರು ತಾವೇ ಹೆಸರು ಬದಲಿಸಿಬಿಟ್ಟರು. ಧಾರವಾಡದ ಗಂಗೂ ತಟ್ಟೆಯ ಮೇಲೆ ಗಾಂಧಾರಿ ಹಾನಗಲ್ ಆದರು. ಅವರ ಕಂಠ ಹೆಸರಿಗಿಂತ ದೊಡ್ಡದಾದ್ದರಿಂದ ಜನ ಗಂಗೂಬಾಯಿಯನ್ನೇ ಉಳಿಸಿಕೊಂಡರು. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ.

ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯದಿಂದ ನರಳುತ್ತ 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿದ್ದುಕೊಂಡೇ ಮಾಳವದ ಹೆಂಗಸರ ಹಾಡು ಕೇಳಿದರು, ಧಾಟಿಗಳನ್ನು ಕಲೆಹಾಕಿದರು, ಅವುಗಳಿಂದಲೇ ಹೊಸ ರಾಗಗಳನ್ನು ಕಂಡರು. ರಾಗಗಳ ತಾಯಿಬೇರು ಹಳ್ಳಿಯ ಧಾಟಿಯಲ್ಲಿದೆ ಎಂದು ಹಾಡಿ ತೋರಿಸಿದವರು ನಮ್ಮ ಜಿಲ್ಲೆಯ ಮಗ.

ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಎಂದರೆ ಶಾಸನ ಓದಿದವರು ಎಂದೇ ಎಲ್ಲರೂ ಬಲ್ಲರು. ಅವರು ಕನ್ನಡ ಲಾವಣಿಗಳನ್ನೂ ಸಂಗ್ರಹಿಸಿ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಮೂಲ ಮತ್ತು ಅನುವಾದ ಸಹಿತ ಅಚ್ಚು ಹಾಕಿಸಿದರು. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲಾರೆವೆಂದು ಬಂಡೆದ್ದ ಹಲಗಲಿಯ ಬೇಡರ ಲಾವಣಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ ಅದರಲ್ಲಿವೆ. ಆದಾಯ ತೆರಿಗೆಯ ಮೇಲೊಂದು ಲಾವಣಿಯೂ ಇದೆ! ಭಾರತದಲ್ಲಿ ಆದಾಯ ತೆರಿಗೆ ಬಂದದ್ದು 1860ರಲ್ಲಿ. ಸರ್ಕಾರ ಹೊಸ ಕರ ಹಾಕಿದರೆ ನಮ್ಮ ಲಾವಣಿಕಾರ ಅದನ್ನೇ ವಸ್ತು ಮಾಡಿಕೊಂಡ. ಜನಪದವೆಂದರೆ ಬರೀ ಬಳೆ, ಮಲ್ಲಿಗೆ, ತವರುಮನೆ ಎಂದುಕೊಂಡವರು ಇದನ್ನು ಗಮನಿಸಬೇಕು. ತವರಿನ ಹಾಡಿನ ಸಂಪತ್ತೂ ಸಣ್ಣದಲ್ಲ. ಹಲಸಂಗಿ ಗೆಳೆಯರು ಬೀಸುವ ಕುಟ್ಟುವ ತಾಯಂದಿರ ಬಾಯಿಂದ ಆರಿಸಿ ತಂದ ‘ಗರತಿಯ ಹಾಡು’ 1931ರಲ್ಲಿ ಬಂತು. ಲಾವಣಿಗಳ ‘ಜೀವನ ಸಂಗೀತ’ 1933ರಲ್ಲಿ.

ಸಂಗ್ಯಾ ಬಾಳ್ಯಾ ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯ ಕಥೆ. ಈರ್ಯಾನ ಹೆಂಡತಿ ಗಂಗಿಗೆ ಸಂಗ್ಯಾ ಮನಸೋಲುತ್ತಾನೆ, ಗೆಳೆಯ ಬಾಳ್ಯಾನೇ ಗುಟ್ಟು ಬಿಟ್ಟುಕೊಡುತ್ತಾನೆ, ಈರ್ಯಾ ತನ್ನವರೊಂದಿಗೆ ಸೇರಿ ಸಂಗ್ಯಾನನ್ನು ಕೊಲ್ಲುತ್ತಾನೆ. ಸಣ್ಣಾಟದ ಮೇಳಗಳು ಇದನ್ನು ಇಂದಿಗೂ ಆಡುತ್ತವೆ. ಅಮೆರಿಕದ ಹಳ್ಳಿಗಾಡಿನ ಹಾಡಿಗೆ ‘ಕಂಟ್ರಿ’ ಎನ್ನುತ್ತಾರೆ. ಆ ಬಗೆಯ ಗಾಯಕ ವಿಲ್ಲಿ ನೆಲ್ಸನ್ 1975ರಲ್ಲಿ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಎಂಬ ಆಲ್ಬಮ್ ತಂದರು. ಅದರ ವಸ್ತುವೂ ಇಂಥದ್ದೇ. ಹೆಂಡತಿಯನ್ನೂ ಅವಳ ಗೆಳೆಯನನ್ನೂ ಕೊಂದ ಪಾದ್ರಿಯೊಬ್ಬ ಕುದುರೆಯೇರಿ ಅಲೆಯುವ ಕಥೆ, ಹಾಡಿನಿಂದ ಹಾಡಿಗೆ ಸಾಗುತ್ತದೆ. ಟೆಕ್ಸಾಸಿನ ಗಾರ್ಲೆಂಡ್ ಊರಿನ ಸಣ್ಣ ಸ್ಟುಡಿಯೋದಲ್ಲಿ ಗಿಟಾರು, ಪಿಯಾನೊ ಮುಂತಾದ ಕೆಲವೇ ವಾದ್ಯ ಇಟ್ಟುಕೊಂಡು ಹಾಡಿದರು. ಕೇಳಿದ ಕಂಪನಿಯವರು ಇದು ಕಚ್ಚಾ ಮುದ್ರಣ, ಇನ್ನೂ ಕೆಲಸ ಬಾಕಿ ಇದೆ ಎಂದುಕೊಂಡರು. ನೆಲ್ಸನ್ ಒಂದು ವಾದ್ಯವನ್ನೂ ಸೇರಿಸಲು ಒಪ್ಪಲಿಲ್ಲ. ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ನಮ್ಮ ಸ್ಟುಡಿಯೋದವರು ಕೇಳಬೇಕಾದ ಪಾಠ ಇದು: ಕಥೆ ಗಟ್ಟಿಯಿದ್ದರೆ ಡಪ್ಪು, ತುಂತುಣಿ, ತಾಳ ಸಾಕು. ಸಂಗ್ಯಾ ಬಾಳ್ಯಾವನ್ನು ಇದೇ ಬಿಗಿಯಲ್ಲಿ ಒಂದು ಆಲ್ಬಮ್ ಮಾಡಿದರೆ ಅದು ಯಾವ ದೇಶದ ಹಾಡಿಗೂ ಹೆಗಲೆಣೆಯಾದೀತು.

ಲಾರಿ ಚಾಲಕರ ಹಾಡು ಅಮೆರಿಕದಲ್ಲಿ ಒಂದು ಪ್ರತ್ಯೇಕ ಬಗೆಯೇ ಆಗಿದೆ. ಡೇವ್ ಡಡ್ಲಿ 1963ರಲ್ಲಿ ಹಾಡಿದ, ಆರು ದಿನ ರಸ್ತೆಯ ಮೇಲಿದ್ದು ಮನೆಗೆ ಮರಳುವವನ ಹಾಡು ಅದಕ್ಕೆ ದೊಡ್ಡ ಹೆಸರು ತಂದಿತು. ಇತ್ತ ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ಓಡಿದೆ. ಕಬ್ಬಿನ ಟ್ರ್ಯಾಕ್ಟರು, ಲಾರಿ, ಟಂಟಂ ಇವೇ ದುಡಿಮೆಯಾಗಿರುವ ಸೀಮೆಯಲ್ಲಿ ಚಾಲಕನೇ ನಾಯಕನಾದದ್ದು ಸಹಜ. ಕರದ ಮೇಲೆ ಲಾವಣಿ ಕಟ್ಟಿದವರ ಮೊಮ್ಮಕ್ಕಳು ಸ್ಟೇರಿಂಗಿನ ಮೇಲೆ ಹಾಡು ಕಟ್ಟುತ್ತಾರೆ. ಈ ಹಾಡುಗಳನ್ನು ಕೇಳಿ ಮೂಗು ಮುರಿಯುವವರ ಜೊತೆ ನನ್ನ ಸಹಮತವಿಲ್ಲ. ನನ್ನ ತಕರಾರು ಒಂದೇ. ಒಂದು ಧಾಟಿ ಗೆದ್ದ ಕೂಡಲೇ ಹತ್ತು ಸ್ಟುಡಿಯೋದಲ್ಲಿ ಅದೇ ಧಾಟಿ, ಅದೇ ಲಯ. ನೂರು ಧಾಟಿ ಬಲ್ಲ ನಾಡಿಗೆ ಇದು ಸಲ್ಲದು.

ಹಂತಿ ಪದ ಮಾತ್ರ ಸ್ಟುಡಿಯೋ ಕಾಣುವ ಮೊದಲೇ ಕಣದಿಂದ ಮಾಯವಾಗುತ್ತ ಬಂತು. ರಾತ್ರಿ ಹೊತ್ತು ಕಣದ ಮೇಟಿಯ ಸುತ್ತ ಎತ್ತು ತಿರುಗುತ್ತಿರುವಾಗ, ಹಿಂದೆ ನಡೆಯುವವರು ನಿದ್ದೆ ಬಾರದಂತೆ ಹಾಡುತ್ತಿದ್ದ ಶರಣರ ಕಥೆಗಳು ಅವು. ಒಬ್ಬ ಎತ್ತಿಕೊಟ್ಟರೆ ಉಳಿದವರು ಹಿಂದಿನಿಂದ ಹಿಡಿಯಬೇಕು. ಎತ್ತಿನ ಹೆಜ್ಜೆಯೇ ತಾಳ. ರಾಶಿ ಮಾಡುವ ಯಂತ್ರ ಬಂತು, ಕಣ ಹೋಯಿತು, ಎತ್ತಿನ ತಾಳ ನಿಂತಿತು. ಈಗ ಹಂತಿ ಪದ ಬಲ್ಲವರನ್ನು ವೇದಿಕೆ ಹತ್ತಿಸಿ ಹಾಡಿಸಬೇಕಾಗಿದೆ.

ಮೊಹರಮ್ಮಿನ ರಿವಾಯತ್ ಪದಗಳು ಕರ್ಬಲದ ಶೋಕವನ್ನು ಅಚ್ಚ ಕನ್ನಡದಲ್ಲಿ ಹಾಡುತ್ತವೆ. ಹಾಡುವ ಮೇಳದಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಇರುತ್ತಾರೆ.

ಪಕ್ಕದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಬರೆದು, ನಿರ್ದೇಶಿಸಿ, ಸಂಗೀತವನ್ನೂ ಕೊಟ್ಟ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು. ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗ ಅವರೇ. ಬಯಲಾಟ, ಲಾವಣಿ ಕೇಳುತ್ತ ಬೆಳೆದ ಕಂಬಾರರಿಗೆ ಹಾಡು ಕಟ್ಟಲು ಬೇರೆ ಸಂಗೀತ ಶಾಲೆ ಬೇಕಾಗಲಿಲ್ಲ.

ಶಿಶುನಾಳ ಶರೀಫರು ಹುಟ್ಟಿದ್ದು 1819ರ ಜುಲೈ 3, ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳು ಏಕತಾರಿ, ದಮ್ಮಡಿಯ ಜೊತೆ ಭಜನಾ ಮೇಳಗಳಲ್ಲೇ ಬದುಕಿದ್ದವು. ಸಿ. ಅಶ್ವಥ್ ಅವನ್ನು ಕ್ಯಾಸೆಟ್ಟಿಗೂ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ತಂದರು. 2008ರಲ್ಲಿ ರಘು ದೀಕ್ಷಿತರ ‘ಅಂತರಾಗ್ನಿ’ ಆಲ್ಬಮ್ ಅವನ್ನು ಗಿಟಾರು, ವಯೋಲಿನ್ನುಗಳ ಮೇಲೇರಿಸಿ ಸಮುದ್ರ ದಾಟಿಸಿತು. ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ 2011ರಲ್ಲಿ ಅವರಿಗೆ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು. ವಾದ್ಯ ಬದಲಾಯಿತು, ವೇಷ ಬದಲಾಯಿತು, ಆದರೂ ಪದ ಯಾರದೆಂಬ ಅನುಮಾನ ಹುಟ್ಟಲಿಲ್ಲ. ಶಿಶುನಾಳಧೀಶನ ಅಂಕಿತ ಕಡೆಯ ನುಡಿಯಲ್ಲಿ ಹಾಗೆಯೇ ಇತ್ತಲ್ಲ!

ಹೆಸರು ಕಳೆದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಕಾಗವಾಡದಂತೆ ಅಮೆರಿಕದ ಬ್ರಿಸ್ಟಲ್ ಕೂಡ ಗಡಿಯ ಊರು. ಅದರ ನಡುಬೀದಿಯ ಒಂದು ಬದಿ ಟೆನೆಸಿ ರಾಜ್ಯ, ಇನ್ನೊಂದು ಬದಿ ವರ್ಜೀನಿಯಾ. 1927ರಲ್ಲಿ ರಾಲ್ಫ್ ಪಿಯರ್ ಎಂಬವರು ಅಲ್ಲಿ ಬೀಡುಬಿಟ್ಟು ಹನ್ನೆರಡು ದಿನಗಳಲ್ಲಿ 76 ಹಾಡು ಮುದ್ರಿಸಿಕೊಂಡರು. ಕಂಟ್ರಿ ಸಂಗೀತದ ಹುಟ್ಟು ಅದೇ ಎನ್ನುತ್ತಾರೆ. ಅಲ್ಲಿ ಹಾಡಿದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಮುಂದೆ ಗುಡ್ಡಗಾಡು ಸುತ್ತಿ ಹಳೆಯ ಹಾಡು ಸಂಗ್ರಹಿಸಿದರು. ಸಾಹಿತ್ಯ ಅವರು ಬರೆದುಕೊಂಡರೆ, ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರುವಾದಕ. ತಟ್ಟೆಯ ಮೇಲೆ ಬಂದದ್ದು ಕಾರ್ಟರರ ಹೆಸರು. ರಿಡಲ್ ಯಾರೆಂದು ಜಗತ್ತು ಕೇಳಿದ್ದು ದಶಕಗಳು ಕಳೆದ ಮೇಲೆ.

ನಮ್ಮ ಕಾನೂನು ಏನು ಹೇಳುತ್ತದೆ ಗೊತ್ತೇ? ತಲೆಮಾರುಗಳಿಂದ ಬಂದ ಜನಪದ ಹಾಡಿಗೆ ಒಡೆಯರಿಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಅದನ್ನು ಹಾಡಿದ ಆ ಗಾಯನದ ಮೇಲೆ ಹಾಡಿದವರಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿ ಪ್ರದರ್ಶಕರಿಗೆ ಹೊಸ ಹಕ್ಕು ಕೊಟ್ಟಿತು. ಈಗ ಅದರ ಅವಧಿ 50 ವರ್ಷ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯ ಗೌರವಧನದಲ್ಲಿ ಪಾಲನ್ನೂ, ಹಾಡಿದವರೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಒಂದು ಶಾಲು, ನಾಲ್ಕು ಕಾಸು ಪಡೆದು ಸ್ಟುಡಿಯೋದಲ್ಲಿ ಹಾಡಿ ಬರುವ ಅಜ್ಜ ಅಜ್ಜಿಯರಿಗೆ ಇದನ್ನು ಓದಿ ಹೇಳುವವರು ಬೇಕು.

ಹಾಗಾಗಿ ಈ ಸೀಮೆಯ ಓದುಗರಲ್ಲಿ ಒಂದು ಕೇಳಿಕೆ. ಮುಂದಿನ ಜಾತ್ರೆಯಲ್ಲಿ ಹಾಡಕಿ ಕೇಳುತ್ತ ಮೊಬೈಲು ಎತ್ತಿದರೆ ಪಲ್ಲವಿಗೇ ನಿಲ್ಲಿಸಬೇಡಿ, ಕಡೆಯ ನುಡಿ ಮುಗಿಯುವ ತನಕ ಹಿಡಿಯಿರಿ. ಹಾಡು ಏರಿಸುವ ಮೊದಲು ಮೇಳದವರ ಒಪ್ಪಿಗೆ ಕೇಳಿ. ಹಾಡಿದವರು, ಪದ ಕಟ್ಟಿದವರು, ಡಪ್ಪು ಬಾರಿಸಿದವರು, ಹಿಮ್ಮೇಳದವರು, ಅವರ ಊರು, ಇಷ್ಟನ್ನೂ ಹಾಡಿನ ಕೆಳಗೆ ಕನ್ನಡದಲ್ಲಿ ಬರೆಯಿರಿ. ಮನೆಯಲ್ಲಿ ಬೀಸುವ ಪದ, ಸೋಬಾನ ಪದ ಬಲ್ಲ ಆಯಿ ಇದ್ದರೆ ಜಾತ್ರೆಯವರೆಗೂ ಕಾಯಬೇಡಿ, ಇವತ್ತೇ ಕೂಡ್ರಿಸಿಕೊಂಡು ಹಾಡಿಸಿ.